ಆಪರೇಷನ್ ಟೇಬಲ್ ಮೇಲೆ ಹೊಲಿದ ಕೌದಿ

ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ, ನನ್ನ ಕುತ್ತಿಗೆಯ ಗಂಟು ತೆಗೆಸಬೇಕಾಯಿತು. ಥೈರಾಯ್ಡ್ ಗ್ರಂಥಿಯ ಒಂದು ಬದಿ ಊದಿಕೊಂಡಿತ್ತು. ನಮ್ಮ ಮನೆ ಸಿಂದಗಿಯಲ್ಲಿ. ನಾನು ಬಸವನ ಬಾಗೇವಾಡಿಯ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮೊದಮೊದಲು ಗಂಟನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದೆ. ಆಮೇಲೆ ತುತ್ತು ನುಂಗುವಾಗ ಸಿಕ್ಕಿಕೊಂಡಂತಾಗತೊಡಗಿತು. ಪಾಠ ಮಾಡುತ್ತಿದ್ದರೆ ಉಸಿರು ಸಾಲುತ್ತಿರಲಿಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಸರ್ಜನ್, ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಡುವಂಥದ್ದೂ ಅಲ್ಲ ಎಂದರು.

ತೊಡಕು ಇದ್ದದ್ದು ಅರಿವಳಿಕೆಯಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಅವತ್ತು ಪೂರ್ತಿ ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಮೈ ಕೆಂಡದಂತೆ ಕಾದು, ದವಡೆ ಬಿಗಿದು, ನಾನು ಸಾವಿನ ಹತ್ತಿರ ಹೋಗಿ ಬಂದಿದ್ದೆ. ನನಗೆ ಅದರ ನೆನಪಿಲ್ಲ. ನೆನಪಿರುವುದು ಐಸಿಯು ಬಾಗಿಲ ಹೊರಗೆ ಕೂತಿದ್ದ ಅವ್ವನಿಗೆ. ಈಗ ಬೇರೆ ಔಷಧಗಳಿವೆ, ಎಚ್ಚರಿಕೆಯಿಂದ ಕೊಡುತ್ತೇವೆ ಎಂದು ಸರ್ಜನ್ ಎಷ್ಟು ವಿವರಿಸಿದರೂ ಅವಳು ಒಪ್ಪಲಿಲ್ಲ.

"ಗಂಟು ಇದ್ರ ಇರ್ಲಿರಿ. ಆಕಿನ್ನ ಇನ್ನೊಮ್ಮೆ ಹಂಗ ಮಲಗಸಾಕ ನಾ ಬಿಡಾಂಗಿಲ್ಲ," ಎಂದಳು.

ವಿಜ್ಞಾನ ಓದಿದವಳಾಗಿ ನಾನು ಅವಳಿಗೆ ತಿಳಿಹೇಳಬೇಕಿತ್ತು. ಹೇಳಲಿಲ್ಲ. ನನಗೂ ಹೆದರಿಕೆ ಇತ್ತು.

ಆಗ ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ನಮ್ಮನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಉಡುಪಿ ಕಡೆಯ ಹೆಂಗಸು, ಮೆಲುದನಿ. ಕುತ್ತಿಗೆಗೆ ಮಾತ್ರ ಜೋಮು ಬರಿಸುವ ಇಂಜೆಕ್ಷನ್ ಕೊಟ್ಟು, ಅದರ ಜೊತೆಗೆ ಸಂಮೋಹನ ಮಾಡಿ ಈ ಆಪರೇಷನ್ ಮಾಡಬಹುದು, ನಾನು ಅದನ್ನು ಕಲಿತು ಬಂದಿದ್ದೇನೆ ಎಂದರು. ಇನ್ನೊಂದು ಲಾಭವನ್ನೂ ಹೇಳಿದರು. ದನಿಯ ನರ ಈ ಗ್ರಂಥಿಗೆ ಅಂಟಿಕೊಂಡಂತೆಯೇ ಹೋಗುತ್ತದೆ. ನಾನು ಪೂರ್ತಿ ಪ್ರಜ್ಞೆ ತಪ್ಪದಿದ್ದರೆ ನಡುನಡುವೆ ಮಾತಾಡಿಸಿ, ನರಕ್ಕೆ ಏನೂ ಆಗಿಲ್ಲವೆಂದು ನೋಡಿಕೊಳ್ಳಬಹುದು. ಪಾಠ ಮಾಡಿ ಬದುಕುವವಳಿಗೆ ಅದು ಸಣ್ಣ ಮಾತಲ್ಲ.

ಸಂಮೋಹನ ಎಂದೊಡನೆ ಅವ್ವ ಸೆರಗು ಸರಿಮಾಡಿಕೊಂಡು, ಇದು ಗಾರುಡಿಗರ ಆಟ ಏನ್ರಿ ಎಂದು ಕೇಳಿಯೇಬಿಟ್ಟಳು. ಡಾಕ್ಟರ್ ನಕ್ಕು, ನಿದ್ದೆಯೂ ಅಲ್ಲ ಮಾಟವೂ ಅಲ್ಲ, ಮನಸ್ಸನ್ನು ಒಂದು ಕಡೆ ಗಟ್ಟಿಯಾಗಿ ನಿಲ್ಲಿಸುವುದು ಅಷ್ಟೇ ಎಂದರು.

"ಕರದ್ರ ಓ ಅಂತಾಳಲ್ರಿ?"

"ಅಂತಾರಮ್ಮ."

ಅವ್ವನಿಗೆ ಅಷ್ಟು ಸಾಕಾಯಿತು.

ನನ್ನ ಅಳುಕು ಬೇರೆ ಇತ್ತು. ನಾನು ಮನಸ್ಸಿನದ್ದನ್ನು ಹೊರಗೆ ಹೇಳುವವಳಲ್ಲ. ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿಯರಿಗೂ ನನ್ನ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ಸಂಮೋಹನದಲ್ಲಿ ಏನೇನು ಬಾಯಿ ಬಿಡುತ್ತೇನೋ ಎಂಬ ಭಯ. ಡಾಕ್ಟರ್ ಅಭ್ಯಾಸಕ್ಕೆಂದು ಕೂರಿಸಿಕೊಂಡು, ನಿಮಗೆ ಹಾಯೆನಿಸುವ ಒಂದು ಜಾಗ ಹೇಳಿ ಎಂದಾಗ ಆಲಮಟ್ಟಿಯ ಉದ್ಯಾನ ಎಂದುಬಿಟ್ಟೆ. ಕಾಲೇಜಿನ ಪ್ರವಾಸದಲ್ಲಿ ಒಮ್ಮೆ ಹೋಗಿದ್ದ ಜಾಗ. ಅವರು ಕಾರಂಜಿ, ಹುಲ್ಲುಹಾಸು, ತಂಗಾಳಿ ಎಂದು ಹೇಳುತ್ತ ಹೋದರು. ನಾನು ಕಣ್ಣು ಮುಚ್ಚಿಕೊಂಡು, ಅಲ್ಲಿನ ಟಿಕೆಟ್ ಕೌಂಟರ್ ಯಾವ ಬದಿಗಿತ್ತು ಎಂದು ಯೋಚಿಸುತ್ತಿದ್ದೆ.

"ನೀವು ಅಲ್ಲಿಗೆ ಹೋಗಲೇ ಇಲ್ಲ, ಅಲ್ವಾ?" ಎಂದರು ಡಾಕ್ಟರ್, ಬೇಸರವಿಲ್ಲದೆ. "ನನಗೆ ಜಾಗದ ಹೆಸರು ಬೇಡ. ಅಲ್ಲಿ ಯಾರಿದ್ದಾರೆ ಅನ್ನೋದೂ ಬೇಡ. ನಿಮ್ಮ ಕೈಯಲ್ಲಿ ಏನಿದೆ ಅಂತ ಮಾತ್ರ ಹೇಳಿ."

"ಸೂಜಿ," ಎಂದೆ. "ಕೌದಿ ಹೊಲಿಯುತ್ತಿದ್ದೇನೆ."

ಅವರಿಗೆ ಕೌದಿ ಗೊತ್ತಿರಲಿಲ್ಲ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ಚೂರು ಜೋಡಿಸಿ, ಅಂಚಿನಿಂದ ಸಾಲು ಸಾಲಾಗಿ ಹೊಲಿಯುವ ಹೊದಿಕೆ ಎಂದು ವಿವರಿಸಿದೆ. ಅವರು ಮತ್ತೇನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಕೌದಿ ಹರಡಿದ್ದು ಅವ್ವನ ತವರೂರು ದೇವಣಗಾಂವದ ಪಡಸಾಲೆಯಲ್ಲಿ. ಎದುರಿಗೆ ಕೂತಿದ್ದವಳು ಅವ್ವನ ತಾಯಿ, ನಮ್ಮ ಆಯಿ. ನಾನು ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಅವಳು ತೀರಿಕೊಂಡಿದ್ದಳು.

ಆಪರೇಷನ್ ದಿನ ಅವ್ವ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಡಾಕ್ಟರ್ ನನ್ನ ಕಿವಿಯ ಹತ್ತಿರ ಸ್ಟೂಲು ಹಾಕಿಕೊಂಡು, ಬಟ್ಟೆ ಎಷ್ಟು ದಪ್ಪ ಇದೆ, ಸೂಜಿ ಎಲ್ಲಿ ಇಳಿಯಿತು, ಎಲ್ಲಿ ಮೇಲೆ ಬಂತು ಎಂದು ನಿಧಾನವಾಗಿ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ದನಿ ದೂರ ಸರಿಯಿತು. ಪಡಸಾಲೆಯ ನೆಲದ ತಂಪು ತೊಡೆಗೆ ತಾಗಿತು.

ನೋವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೋಮಿನ ಇಂಜೆಕ್ಷನ್ನುಗಳು ಚುರುಗುಟ್ಟಿದವು. ಆಮೇಲೆ ಕೊಯ್ಯುತ್ತಿದ್ದಾರೆ ಎಂಬುದೂ ನನಗೆ ತಿಳಿದಿತ್ತು. ಸಲಕರಣೆಗಳ ಸದ್ದು, ಸರ್ಜನ್ ಹತ್ತಿ ಕೇಳಿದ್ದು ಎಲ್ಲ ಕೇಳಿಸುತ್ತಿತ್ತು. ಆದರೆ ಅದು ಆಚೆಮನೆಯ ಸದ್ದಿನ ಹಾಗಿತ್ತು. ಕುತ್ತಿಗೆಯಲ್ಲಿ ಎಳೆತ ಬಂದಾಗ ಯಾರೋ ಕೌದಿಯನ್ನು ಆ ತುದಿಯಿಂದ ಎಳೆದು ಸಾಪು ಮಾಡುತ್ತಿದ್ದಾರೆ ಎನಿಸುತ್ತಿತ್ತು. ಆಯಿಗೆ ಕಣ್ಣು ಮಂಜು. ದಾರ ಮುಗಿದಾಗಲೆಲ್ಲ ಸೂಜಿ ನನ್ನ ಕಡೆ ಚಾಚುತ್ತಿದ್ದಳು. ನಾನು ದಾರ ಪೋಣಿಸಿ ಕೊಡುತ್ತಿದ್ದೆ. ಪಕ್ಕದ ಮನೆಯ ಮಾಬುಬಿ ಕೊಟ್ಟ ಹಸಿರು ಚೂರನ್ನು ಎಲ್ಲಿ ಕೂರಿಸುವುದು ಎಂದು ಇಬ್ಬರೂ ಬಹಳ ಹೊತ್ತು ನೋಡಿದೆವು. ನಡುವೆ ಸರ್ಜನ್ ಮಾತಾಡಿಸಿದಾಗ ಹೂಂ ಎಂದೆ. ಒಮ್ಮೆ ನನ್ನ ಹೆಸರನ್ನೂ ಹೇಳಿದೆನಂತೆ.

ಗಂಟು ತೆಗೆದಾಯಿತು, ಹೊಲಿಗೆಯೂ ಮುಗಿಯಿತು. "ಈಗ ಕೌದಿ ಮಡಚಿಡಿ. ನಿಧಾನವಾಗಿ ಎದ್ದು ಬನ್ನಿ," ಎಂದರು ಡಾಕ್ಟರ್.

ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಆ ಕೌದಿಯನ್ನು ಮಡಚುವ ಹಾಗಿರಲಿಲ್ಲ. ನಮ್ಮ ಕಡೆ ಕೌದಿಯ ಒಂದು ಮೂಲೆಯನ್ನು ಕೊನೆಯವರೆಗೂ ತೆರೆದೇ ಇಡುತ್ತಾರೆ. ಅದರೊಳಗೆ ರೊಟ್ಟಿಯ ತುಣುಕೊಂದನ್ನು ಇಟ್ಟು ಆಮೇಲೆ ಬಾಯಿ ಹೊಲಿಯಬೇಕು. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರ ಹೊಟ್ಟೆಯೂ ಹಸಿಯುತ್ತದೆ ಎಂದು ಆಯಿ ನಂಬಿದ್ದಳು. ರೊಟ್ಟಿ ಇನ್ನೂ ಬಂದಿರಲಿಲ್ಲ. ಅರ್ಧಕ್ಕೇ ಬಿಟ್ಟು, ಆಯಿಯನ್ನು ಒಬ್ಬಳನ್ನೇ ಅಲ್ಲಿ ಬಿಟ್ಟು, ಹೇಗೆ ಏಳುವುದು? ನಾನು ಸುಮ್ಮನೆ ಕೂತೆ.

ಸರ್ಜನ್ ನನ್ನ ಹೆಸರು ಕೇಳಿದರು. ಮತ್ತೆ ಕೇಳಿದರು. ನಾನು ಉತ್ತರಿಸಲಿಲ್ಲ. ಆಗಲೇ ಮಾತಾಡಿದ್ದರಲ್ಲ ಎಂದ ಅವರ ದನಿಯಲ್ಲಿ ಗಾಬರಿ ಇತ್ತು. ಕೊನೆಯ ಗಳಿಗೆಯಲ್ಲಿ ನರಕ್ಕೆ ಪೆಟ್ಟಾಯಿತೇ ಎಂಬುದು ಅವರ ಚಿಂತೆ. ನಾಡಿ, ಉಸಿರು ಎಲ್ಲ ಸರಿ ಇದೆ, ಸ್ವಲ್ಪ ತಾಳಿ ಎಂದು ಡಾಕ್ಟರ್ ಹೇಳಿದರು. ಕಾದರು, ಇನ್ನೊಂದು ಸಲ ಕರೆದರು, ಕಡೆಗೆ ನನ್ನ ಅವ್ವನನ್ನು ಒಳಗೆ ಕರೆಸಿದರು.

ಹಸಿರು ಗೌನು ತೊಡಿಸಿಕೊಂಡು ಬಂದ ಅವ್ವನಿಗೆ, ನಿಮ್ಮ ಮಗಳು ಮನಸ್ಸಿನಲ್ಲೇ ಕೌದಿ ಹೊಲಿಯುತ್ತಿದ್ದಾರೆ, ಮಡಚಿಟ್ಟು ಬನ್ನಿ ಅಂದರೆ ಬರುತ್ತಿಲ್ಲ ಎಂದು ಡಾಕ್ಟರ್ ಹೇಳಿದ್ದು ನನಗೆ ಕೇಳಿಸಿತು.

"ಬಾಯಿ ತೆರದಿದ್ದ ಕೌದಿ ಹೆಂಗ ಮಡಚ್ತಾಳ್ರಿ?" ಎಂದು ಅವ್ವ ಅವರನ್ನೇ ಕೇಳಿದಳು. ಆಮೇಲೆ ಅವಳ ಉಸಿರು ನನ್ನ ಕಿವಿಗೆ ತಾಗಿತು. "ರೊಟ್ಟಿ ತುಣಕ ಇಟ್ಟೇನಿ ನೋಡವಾ. ಸೂಜಿ ಆಯಿ ಕೈಯಾಗ ಕೊಡು. ಉಳದದ್ದ ಆಕಿ ಹೊಲೀತಾಳ. ನೀ ಬಾ."

ಆಯಿಯ ಹೆಸರನ್ನು ನಾನು ಯಾರ ಮುಂದೆಯೂ ಎತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟೆ. ಅವಳು ತಲೆ ಎತ್ತದೆ ಇಸಿದುಕೊಂಡಳು.

ಕಣ್ಣು ಬಿಟ್ಟಾಗ ಅವ್ವನ ಮುಖ ತಲೆಕೆಳಗಾಗಿ ಕಾಣುತ್ತಿತ್ತು. "ನೀರಡಿಕಿ ಆಗೇತವ್ವ," ಎಂದೆ. ದನಿ ಸ್ವಲ್ಪ ಒರಟಾಗಿತ್ತು, ಆದರೆ ನನ್ನದೇ ಆಗಿತ್ತು. ಸರ್ಜನ್ ಗೋಡೆಗೆ ಒರಗಿ ಮಾಸ್ಕ್ ತೆಗೆದರು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಅವ್ವ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಆಪರೇಷನ್ ಬಗ್ಗೆ, ನೋವಿನ ಬಗ್ಗೆ ಅವಳು ಏನೂ ಕೇಳಿರಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಅದನ್ನು ಕೈಯಲ್ಲೇ ಹಿಡಿದುಕೊಂಡು, ಕಿಟಕಿಯ ಕಡೆ ನೋಡುತ್ತ ಕೇಳಿದಳು:

"ಹೆಂಗಿದ್ಲು ನಮ್ಮವ್ವ?"

ಅದು ನೆನಪಿನ ಕೆಲಸ, ಸಂಮೋಹನದಲ್ಲಿ ಮಿದುಳು ಹಳೆಯದನ್ನೇ ಹೊಸದಾಗಿ ತೋರಿಸುತ್ತದೆ ಎಂದು ನನಗೆ ಗೊತ್ತು. ತರಗತಿಯಲ್ಲಿ ಯಾರಾದರೂ ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದೆ. ಅವ್ವನಿಗೆ ಹೇಳಲಿಲ್ಲ. ಅವಳು ತನ್ನ ತಾಯಿಯನ್ನು ಕಳೆದುಕೊಂಡವಳು ಎಂಬುದನ್ನು ನಾನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಆಯಿ ಹೋದದ್ದು ನನ್ನ ಒಬ್ಬಳ ದುಃಖ ಎಂದು ಒಳಗೇ ಇಟ್ಟುಕೊಂಡಿದ್ದೆ.

"ಆರಾಮ ಇದ್ಲವ್ವ," ಎಂದೆ. "ಕಣ್ಣು ಮಾತ್ರ ಮೊದಲಿನಂಗ ಮಂಜು."

ಅವ್ವ ತಲೆಯಾಡಿಸಿದಳು. ಬಟ್ಟಲು ಕೆಳಗಿಟ್ಟು ಮಂಚದ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಯಾವ ಸೀರೆ ಉಟ್ಟಿದ್ದಳು ಎಂದು ಕೇಳಿದಳು. ನಾನು ಹೇಳತೊಡಗಿದೆ.