ದುರ್ಗವ್ವ ಸುತ್ತುವ ತಂತಿ, ಯಾರದೋ ಗಿಟಾರಿನ ದನಿ

ಬೆಳಗಿನ ಐದೂವರೆ. ಪೀಣ್ಯ ಎರಡನೇ ಹಂತದ ಹಿಂದಿನ ಗಲ್ಲಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಎಂಟಡಿ ಅಗಲ, ಹತ್ತಡಿ ಉದ್ದದ ತಗಡಿನ ಶೆಡ್ಡಿನಲ್ಲಿ ದುರ್ಗವ್ವ ಸ್ಟೂಲಿನ ಮೇಲೆ ಕೂತು ಬಲಗೈಯಿಂದ ಸಣ್ಣ ಹಿಡಿಕೆಯೊಂದನ್ನು ತಿರುಗಿಸುತ್ತಿದ್ದಾರೆ. ತಲೆಗೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ ಅವರ ಎಡಗೈ ಬೆರಳ ಸಂದಿಯಿಂದ ಜಾರಿ ಬಾಬಿನ್ನಿಗೆ ಸುತ್ತಿಕೊಳ್ಳುತ್ತಿದೆ. ತುಟಿ ಅಲುಗುತ್ತಿದೆ, ಮಾತು ಹೊರಡುತ್ತಿಲ್ಲ. ಎಣಿಸುತ್ತಿದ್ದಾರೆ. ನಾನು ಬಂದು ಹತ್ತು ನಿಮಿಷವಾದರೂ ‘ಬರ್ರಿ’ ಅನ್ನಲು ಅವರಿಗೆ ಬಿಡುವಾಗಿಲ್ಲ.

ಇಷ್ಟು ಬೇಗ ಏಕೆ ಎಂದು ಆಮೇಲೆ ಕೇಳುತ್ತೇನೆ. ಎಂಟೂವರೆಗೆ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಶುರುವಾಗುತ್ತದಂತೆ. ನೆಲ ನಡುಗಿದರೆ ತಂತಿ ತುಂಡಾಗುತ್ತದೆ, ಎರಡು ಸಾವಿರ ಸುತ್ತು ಸುತ್ತಿದ್ದರೂ ಮತ್ತೆ ಮೊದಲಿನಿಂದ. ಒಂಬತ್ತಕ್ಕೆ ಅವರು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿರಬೇಕು. ಅಲ್ಲಿ ಸಂಜೆಯವರೆಗೆ ಅಂಗಿಗಳ ಉಳಿದ ದಾರ ಕತ್ತರಿಸುವ ಕೆಲಸ. ಶೆಡ್ಡಿನ ಕೆಲಸಕ್ಕೆ ಸಿಗುವುದು ದಿನಕ್ಕೆ ಮೂರು ಗಂಟೆ ಮಾತ್ರ.

ಆ ಮೂರು ಗಂಟೆಯಲ್ಲಿ ದುರ್ಗವ್ವ ಮಾಡುವುದು ಗಿಟಾರ್ ಆಂಪ್ಲಿಫೈಯರ್‌ಗೆ ಬೇಕಾದ ಟ್ರಾನ್ಸ್‌ಫಾರ್ಮರ್. ಹಳೇ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವ್ ಹಲವರಿಗೆ ನೆನಪಿರಬಹುದು. ಗಿಟಾರ್ ನುಡಿಸುವವರಿಗೆ ಇಂದಿಗೂ ಆ ವಾಲ್ವಿನ ದನಿಯೇ ಬೇಕು. ಒಳ್ಳೆಯ ಆಂಪ್ಲಿಫೈಯರ್ ಕೊಳ್ಳುವ ಶಕ್ತಿ ಇಲ್ಲದವರು ಅಗ್ಗದ, ಐದೇ ವ್ಯಾಟಿನ ಪುಟ್ಟ ಪೆಟ್ಟಿಗೆ ಕೊಳ್ಳುತ್ತಾರೆ. ಅದರ ವಾಲ್ವ್ ಪರವಾಗಿಲ್ಲ. ವಾಲ್ವಿನ ದನಿಯನ್ನು ಸ್ಪೀಕರಿಗೆ ದಾಟಿಸುವ ಟ್ರಾನ್ಸ್‌ಫಾರ್ಮರ್ ಮಾತ್ರ ಬೆಂಕಿಪೊಟ್ಟಣದಷ್ಟಿರುತ್ತದೆ. ದನಿ ಅಲ್ಲೇ ಸೊರಗುತ್ತದೆ.

ದುರ್ಗವ್ವನಿಗೆ ಈಗ, 2013ಕ್ಕೆ, ಐವತ್ತೆರಡು. ಕುಷ್ಟಗಿ ಕಡೆಯವರು. ಗಂಡ ಯಮನಪ್ಪನ ಜೊತೆ 1986ರಲ್ಲಿ ಇಲ್ಲಿಗೆ ಬಂದರು. ಯಮನಪ್ಪ ಈಗ ವರ್ತೂರಿನ ಅಪಾರ್ಟ್‌ಮೆಂಟೊಂದರ ಕಾವಲುಗಾರ, ಮನೆಗೆ ಬರುವುದು ವಾರಕ್ಕೊಮ್ಮೆ. ದುರ್ಗವ್ವ ಪೀಣ್ಯದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ತಂತಿ ಸುತ್ತಿದರು. ಮೈಕ್‌ಸೆಟ್ಟಿನವು, ರೇಡಿಯೋದವು, ಸ್ಟೆಬಿಲೈಸರಿನವು. ಸುಟ್ಟು ವಾಪಸು ಬಂದವನ್ನು ಬಿಚ್ಚುವುದೂ ಅವರ ಪಾಲಿಗೇ ಬರುತ್ತಿತ್ತು.

“ನಾ ಸಾಲಿ ಕಲ್ತಾಕಿ ಅಲ್ರಿ. ಸುಟ್ಟದ್ದನ್ನ ಬಿಚ್ಚಿ ಬಿಚ್ಚಿ ಕಲ್ತೆ. ಬಿಚ್ಚುವಾಗ ಎಣಸ್ತಿದ್ದೆ. ಹಳೇ ಕಾಲದೋರು ದಪ್ಪ ತಂತಿ ಒಂದ ಕಡಿ, ಸಣ್ಣ ತಂತಿ ಒಂದ ಕಡಿ ಸುತ್ತತಿರಲಿಲ್ಲ. ಸ್ವಲ್ಪ ಇದು, ಸ್ವಲ್ಪ ಅದು, ನಡುವ ಕಾಗದ. ಹಂಗ ಯಾಕ ಅಂತ ಆಗ ಗೊತ್ತಾಗಲಿಲ್ಲ.”

ಅದೇ ಕಾರ್ಖಾನೆಯಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದವರು ಪರಮಾನಂದ. 2006ರಲ್ಲಿ ಕಾರ್ಖಾನೆ ಮುಚ್ಚಿದಾಗ ಅವರು ಈ ಶೆಡ್ ಹಿಡಿದು ಮೈಕ್‌ಸೆಟ್ ರಿಪೇರಿಗೆ ಕೂತರು, ಸುತ್ತುವ ಕೆಲಸಕ್ಕೆ ದುರ್ಗವ್ವನನ್ನು ಕರೆದುಕೊಂಡರು. ಮರುವರ್ಷ ಬ್ರೂಕ್‌ಫೀಲ್ಡಿನ ಹರ್ಷವರ್ಧನ್ ಎಂಬ ಗಿಟಾರ್ ನುಡಿಸುವ ಹುಡುಗ ಅಗ್ಗದ ಪೆಟ್ಟಿಗೆಯೊಂದನ್ನು ತಂದು, ಇದರಿಂದ ಏನಾದರೂ ದನಿ ಬರುವ ಹಾಗೆ ಮಾಡಿಕೊಡಿ ಎಂದು ಕೇಳಿದ.

“ಮೊದಲ ಸಲ ಕೇಳಿ ನಗು ಬಂತ್ರಿ ನನಗ,” ಎನ್ನುತ್ತಾರೆ ದುರ್ಗವ್ವ. “ಡಬ್ಬ್ಯಾಗ ಜೇನುಹುಳ ಹಾಕಿ ಅಲುಗಾಡಿಸಿದಂಗ ಇತ್ತು.”

ಅವರು ಮೂರು ಪಟ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಸುತ್ತಿದರು. ತೆಳ್ಳಗಿನ ತಂತಿ ಎರಡು ಸಾವಿರದ ಎಂಟುನೂರು ಸುತ್ತು, ದಪ್ಪ ತಂತಿ ನೂರಾ ಹನ್ನೆರಡು, ಹಳೇ ರೇಡಿಯೋದವರ ಹಾಗೆ ಪದರ ಪದರವಾಗಿ. ಹಾಗೆ ಸುತ್ತಿದರೆ ತಾರಕದ ದನಿಯೂ ಸೋರಿಹೋಗದೆ ಸ್ಪೀಕರಿಗೆ ದಾಟುತ್ತದೆ. ಪರಮಾನಂದ ಮೈಕ್‌ಸೆಟ್ಟಿನ ಹಳೆಯ ಹತ್ತಿಂಚಿನ ಸ್ಪೀಕರ್ ಕೂರಿಸಿದರು. ಹುಡುಗ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿ ತಂತಿ ಮೀಟಿದ. ದೊಡ್ಡ ಆಂಪ್ಲಿಫೈಯರನ್ನು ಅಷ್ಟು ತಿರುಗಿಸಿದರೆ ಕಿವಿ ಹೋಗುತ್ತದೆ. ಇದು ಚಿಕ್ಕದು. ಅಕ್ಕಪಕ್ಕದ ಮನೆಯವರು ಜಗಳಕ್ಕೆ ಬರದ ಹಾಗೆಯೇ ಆ ತುಂಬಿದ, ಅಂಚಿನಲ್ಲಿ ತುಸು ಒಡೆದ ದನಿ ಬಂತು. ಹುಡುಗ ಎರಡು ಗಂಟೆ ಅಲ್ಲಿಂದ ಏಳಲಿಲ್ಲವಂತೆ.

ಅವನಿಂದ ಅವನ ಗೆಳೆಯರು, ಅವರಿಂದ ಇನ್ನಷ್ಟು ಜನ. ವೈಟ್‌ಫೀಲ್ಡಿನಿಂದ, ಬೊಮ್ಮನಹಳ್ಳಿಯಿಂದ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದರು. ನಾಲ್ಕು ವರ್ಷದಲ್ಲಿ ನೂರಾ ಮೂವತ್ತು ಆಂಪ್ಲಿಫೈಯರ್ ಈ ಶೆಡ್ಡಿನಿಂದ ಹೊರಗೆ ಹೋದವು. ಪೀಣ್ಯದ ಪರಮಾನಂದ ಎಂದರೆ ಗಿಟಾರಿನವರಿಗೆ ಗೊತ್ತಿತ್ತು. ಮೂಲೆಯಲ್ಲಿ ಬೆನ್ನು ಹಾಕಿ ಕೂತು ಎಣಿಸುತ್ತಿದ್ದ ಹೆಂಗಸನ್ನು ಯಾರೂ ಮಾತಾಡಿಸಲಿಲ್ಲ. ಪರಮಾನಂದ ಹೇಳುತ್ತಿದ್ದರಂತೆ, ದನಿ ಆಕೆಯದು ಎಂದು. ಬಂದವರು ತಮಾಷೆ ಅಂದುಕೊಂಡು ನಗುತ್ತಿದ್ದರು.

2011ರ ಜುಲೈ, ಒಂದು ಮಧ್ಯಾಹ್ನ. ಹೊಸದಾಗಿ ಬಂದ ಪೆಟ್ಟಿಗೆಯೊಂದು ಪರಮಾನಂದರ ಮೇಜಿನ ಮೇಲಿತ್ತು. ದುರ್ಗವ್ವನ ಟ್ರಾನ್ಸ್‌ಫಾರ್ಮರ್ ಹಳೇ ಜಾಗದಲ್ಲಿ ಹಿಡಿಯದೆ, ಪೆಟ್ಟಿಗೆಗೆ ಕರೆಂಟ್ ಕೊಡುವ ಇನ್ನೊಂದು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಅವರು ಕೂರಿಸಿದ್ದರು. ಆನ್ ಮಾಡಿದರೆ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಎರಡು ದಿನದಿಂದ ಪರಮಾನಂದ ಒಂದೊಂದೇ ಭಾಗ ಬದಲಿಸಿ ನೋಡಿದ್ದರು. ಆ ಮಧ್ಯಾಹ್ನ ಏನೋ ಬದಲಿಸಿ, ಈಗ ಹೋಯಿತಾ ಎಂದು ಕೇಳಿದರು. ಕಿವಿ ದುರ್ಗವ್ವನದೇ ಚುರುಕು ಎಂದು ಯಾವಾಗಲೂ ದುರ್ಗವ್ವನನ್ನೇ ಕೇಳುತ್ತಿದ್ದರು.

“ಇನ್ನೂ ಗುಂಯ್ ಅಂತೈತಿ ಅಂದೆ. ಅಷ್ಟ ಅಂದದ್ದು ನಾ. ಅವರು ಕೈ ಹಾಕಿದ್ರು.”

ವಾಲ್ವ್ ಪೆಟ್ಟಿಗೆಯೊಳಗೆ ಮುನ್ನೂರು ವೋಲ್ಟಿಗೂ ಮೇಲೆ ಕರೆಂಟ್ ಇರುತ್ತದೆ. ಒಂದು ಕೈ ಒಳಗಿದ್ದರೆ ಇನ್ನೊಂದು ಕೈ ಏನನ್ನೂ ಮುಟ್ಟಬಾರದು ಎಂದು ಬಂದವರಿಗೆಲ್ಲ ಹೇಳುತ್ತಿದ್ದವರು ಪರಮಾನಂದರೇ. ಆ ದಿನ ಅವರ ಎಡಗೈ ಪೆಟ್ಟಿಗೆಯ ತಗಡಿನ ಮೇಲಿತ್ತು. ದುರ್ಗವ್ವ ಪ್ಲಗ್ ಕೀಳುವಷ್ಟರಲ್ಲಿ ಅವರು ಕುರ್ಚಿಯಿಂದ ಕೆಳಗೆ ಬಿದ್ದಿದ್ದರು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜೀವ ಇರಲಿಲ್ಲ. ಅವರಿಗೆ ನಲವತ್ತೊಂಬತ್ತು ವರ್ಷ.

ನಾಲ್ಕು ತಿಂಗಳು ದುರ್ಗವ್ವ ಈ ಗಲ್ಲಿಗೆ ಕಾಲಿಡಲಿಲ್ಲ. ಗಾರ್ಮೆಂಟ್ಸ್ ಸೇರಿದ್ದು ಆಗಲೇ. ಪರಮಾನಂದರ ಹೆಂಡತಿ ಸವಿತಾ ಎದುರಿಗೆ ನಿಲ್ಲುವ ಧೈರ್ಯ ಅವರಿಗಿರಲಿಲ್ಲ. ಆದರೆ ಶೆಲ್ಫಿನ ಮೇಲೆ ಜನರ ಆರು ಪೆಟ್ಟಿಗೆಗಳು ಬಿಚ್ಚಿದ ಸ್ಥಿತಿಯಲ್ಲೇ ಉಳಿದಿದ್ದವು, ಫೋನುಗಳು ಸವಿತಾಗೆ ಬರುತ್ತಿದ್ದವು. ಕೊನೆಗೆ ಹರ್ಷವರ್ಧನ್ ದುರ್ಗವ್ವನನ್ನು ಹುಡುಕಿಕೊಂಡು ಬಂದು, ಯಾವ ಭಾಗ ಎಲ್ಲಿಗೆ ಸೇರಬೇಕು ಎಂದು ದೊಡ್ಡ ಹಾಳೆಯಲ್ಲಿ ಬಣ್ಣಬಣ್ಣದ ಗೆರೆ ಎಳೆದುಕೊಟ್ಟ. ಅಕ್ಷರ ಬಾರದ ದುರ್ಗವ್ವ ಬಣ್ಣ ನೋಡಿಕೊಂಡು ಬೆಸುಗೆ ಹಾಕಿದರು. ಎಡಗೈಯನ್ನು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡು, ಒಂದೇ ಕೈಯಲ್ಲಿ ಪರೀಕ್ಷೆ ಮಾಡುವುದನ್ನು ರೂಢಿಸಿಕೊಂಡರು. ಯಾರೋ ಬಿಟ್ಟುಹೋದ ಹಳೇ ಗಿಟಾರಿದೆ. ನುಡಿಸಲು ಬರುವುದಿಲ್ಲ. ಒಂದು ತಂತಿ ಮೀಟುತ್ತಾರೆ, ಅದು ಸಾಯುವವರೆಗೂ ಕೇಳುತ್ತಾರೆ. ದನಿ ಕೊನೆಯಲ್ಲಿ ಹೇಗೆ ಆರುತ್ತದೆ ಎನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದಂತೆ.

ಆರೂ ಮುಗಿದವು. ಆಮೇಲೆ ಬರುವವರು ಕಡಿಮೆಯಾದರು. ತಿಂಗಳಿಗೆ ಒಂದು ಬಂದರೆ ಹೆಚ್ಚು. ಹಳೇ ವಾಲ್ವ್‌ಗಳ ದಾಸ್ತಾನು ಮುಗಿಯುತ್ತಿದೆ. ತೆಳ್ಳಗಿನ ತಂತಿಯನ್ನು ಅವರು ಈಗ ನೋಡಿ ಸುತ್ತುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ತಿಳಿಯುತ್ತದೆ. ಆ ಬೆರಳಿನ ತುದಿಯೂ ಕೆಲವು ದಿನ ಜೋಮು ಹಿಡಿಯುತ್ತದೆ.

ಕಳೆದ ವರ್ಷ ಶ್ರಾವಣದಲ್ಲಿ ಸವಿತಾ ಒಂದು ಪೆಟ್ಟಿಗೆಯನ್ನು ಆಟೋದಲ್ಲಿ ತಂದು ಶೆಡ್ಡಿನ ಬಾಗಿಲಲ್ಲಿ ಇಳಿಸಿದರು. ಪೊಲೀಸರು ವಾಪಸು ಕೊಟ್ಟಿದ್ದು. ಅದರ ಮಾಲೀಕ ಸುದ್ದಿ ತಿಳಿದ ಮೇಲೆ ಅತ್ತ ತಲೆಹಾಕಿರಲಿಲ್ಲ. ಸವಿತಾ ದುರ್ಗವ್ವನ ಮೇಲೆ ಯಾವತ್ತೂ ಒಂದು ಮಾತು ಹೊರಿಸಿದವರಲ್ಲ. ಅವತ್ತು ಹೇಳಿದ್ದು ಇಷ್ಟೇ.

“ಅಕ್ಕ, ಇದನ್ನ ಅರ್ಧಕ್ಕೆ ಬಿಟ್ಟು ಹೋದ್ರು. ಮನೇಲಿಟ್ಕೊಂಡು ನೋಡಕ್ಕಾಗಲ್ಲ, ಎಸೆಯಕ್ಕೂ ಆಗಲ್ಲ. ನೀವು ಮುಗಿಸ್ಬಿಡಿ.”

ಹದಿನೈದು ದಿನ ದುರ್ಗವ್ವ ಅದನ್ನು ಮುಟ್ಟಲಿಲ್ಲ. ಮುಟ್ಟಿದ ದಿನ ಬೆಳಗ್ಗೆ ಆನ್ ಮಾಡಿದರೆ ಅದೇ ಗುಂಯ್. ವಾಲ್ಯೂಮ್ ಸೊನ್ನೆಗೆ ತಂದರೂ ಹೋಗಲಿಲ್ಲ. ಆಫ್ ಮಾಡಿ, ಹೊತ್ತು ಬಿಟ್ಟು, ವಾಲ್ವ್‌ಗಳನ್ನೇ ಕಿತ್ತು ಮತ್ತೆ ಆನ್ ಮಾಡಿದರು. ಆಗಲೂ ಗುಂಯ್. ಅಂದರೆ ಪರಮಾನಂದ ಬದಲಿಸಿದ ಯಾವ ಭಾಗದ್ದೂ ತಪ್ಪಿರಲಿಲ್ಲ. ಅಕ್ಕಪಕ್ಕ ಒಂದೇ ದಿಕ್ಕಿಗೆ ಕೂತ ಎರಡು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಒಂದರ ಸದ್ದನ್ನು ಇನ್ನೊಂದು ಹೀರುತ್ತಿತ್ತು. ತಾವು ಸುತ್ತಿದ್ದನ್ನು ಕಾಲು ಸುತ್ತು ತಿರುಗಿಸಿ ಅಡ್ಡ ಕೂರಿಸಿದರು. ಶೆಡ್ಡು ನಿಶ್ಶಬ್ದವಾಯಿತು.

“ಎರಡ ತಿರುಪು ರೀ,” ಎಂದು ಬೆರಳು ತೋರಿಸುತ್ತಾರೆ. “ಒಳಗ ಕೈ ಹಾಕೂದ ಬ್ಯಾಡಾಗಿತ್ತು. ಮ್ಯಾಲ ಎರಡ ತಿರುಪು ಸಡ್ಲ ಮಾಡಿದ್ರ ಮುಗೀತಿತ್ತು.”

ಸವಿತಾಗೆ ಇದನ್ನು ಹೇಳಬೇಕೋ ಬೇಡವೋ ಎಂದು ಮೂರು ದಿನ ಒದ್ದಾಡಿದರು. ಹೇಳಿದರು. ಸವಿತಾ ಆ ಎರಡು ತಿರುಪುಗಳನ್ನು ಮುಟ್ಟಿ ನೋಡಿ, ಆಮೇಲೆ ದುರ್ಗವ್ವನ ಕೈ ಹಿಡಿದುಕೊಂಡರಂತೆ. ಮುಂದಿನ ಭಾನುವಾರ ಹರ್ಷವರ್ಧನನನ್ನು ಕರೆಸಿ ನುಡಿಸಲು ಹೇಳಿದರು. ಈ ಶೆಡ್ಡಿನಿಂದ ಹೊರಬಿದ್ದವುಗಳಲ್ಲೆಲ್ಲ ಇದರ ದನಿಯೇ ಮೇಲು ಎಂದು ಅವನು ಹೇಳಿದ. ಕೊಡುತ್ತೀರಾ ಎಂದು ಕೇಳಿದ. ಸವಿತಾ ಕೊಡಲಿಲ್ಲ. ಅದು ಇಲ್ಲೇ, ಬಟ್ಟೆ ಹೊದಿಸಿಕೊಂಡು ಶೆಲ್ಫಿನ ಮೇಲಿದೆ.

ಪಕ್ಕದ ಶೆಡ್ಡಿನ ಬಾಗಿಲು ತೆಗೆಯುವ ಸದ್ದಾಗುತ್ತದೆ. ದುರ್ಗವ್ವ ಬಾಬಿನ್ ಎತ್ತಿಟ್ಟು, ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ನಿಮಗೂ ಅದರ ದನಿ ಅಷ್ಟು ಚೆನ್ನಾಗಿದೆ ಅನ್ನಿಸುತ್ತದಾ ಎಂದು ಕೇಳುತ್ತೇನೆ. ಅವರು ಕೀಲಿ ಹುಡುಕುತ್ತಾರೆ, ಬಾಗಿಲೆಳೆಯುತ್ತಾರೆ.

“ಚಲೋ ಬಂದೈತ್ರಿ,” ಎನ್ನುತ್ತಾರೆ. “ನಾ ಸುತ್ತಿದ್ರಾಗ ಅಷ್ಟು ಚಲೋ ಇನ್ನೊಂದು ಬಂದಿಲ್ಲ. ಅದ ನನಗ ಸಂಕಟ.”