ವ್ಯಾನಿನ ಮಧ್ಯದ ಸೀಟು

ಬಿಳಿ ವ್ಯಾನನ್ನು ಮನೆಯವರು ಓಡಾಡಲಿಕ್ಕೆ ಇಟ್ಟುಕೊಂಡಿರುತ್ತಾರೆಂದು ಹೈದರಾಬಾದಿನಲ್ಲಿ ಯಾರೂ ನಂಬುವುದಿಲ್ಲ. ಹಾಲಿನವರದಿರಬೇಕು, ಶಾಮಿಯಾನದವರದಿರಬೇಕು, ಇಲ್ಲವೇ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವವರದಿರಬೇಕು. ಅತ್ತಾಪುರದ ಅಪಾರ್ಟ್‌ಮೆಂಟಿಗೆ ನಾವು ಬಂದ ಹೊಸತರಲ್ಲಿ, ನಾನು ವ್ಯಾನು ಒಳಗೆ ತಂದಾಗಲೆಲ್ಲ ವಾಚ್‌ಮನ್ ಅಡ್ಡ ಬಂದು "ಏ ಫ್ಲಾಟ್‌ಕಮ್ಮಾ?" ಎಂದು ಕೇಳುತ್ತಿದ್ದ. ಯಾವ ಫ್ಲಾಟಿಗೆ ಸಾಮಾನು ತಂದಿದ್ದೀ ಎಂದು ಅವನ ಪ್ರಶ್ನೆ. ನಮ್ಮ ಮನೆಯ ನಂಬರ್ ಹೇಳಿದರೆ, ಸಾಮಾನನ್ನು ಲಿಫ್ಟಿನಲ್ಲಿ ಹಾಕಬೇಡ, ಮೆಟ್ಟಿಲು ಹತ್ತಿ ಹೊತ್ತುಕೊಂಡು ಹೋಗು ಎನ್ನುತ್ತಿದ್ದ. ಆ ಮನೆಯ ಯಜಮಾನಿ ನಾನೇ ಎಂದು ಅವನನ್ನು ಒಪ್ಪಿಸುವಷ್ಟರಲ್ಲಿ ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು.

ನನ್ನ ಗಂಡ ಬೇಗಂಪೇಟೆಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವರು. ವ್ಯಾನನ್ನೂ ಲೆಕ್ಕ ಹಾಕಿಯೇ ಕೊಂಡರು. ವಿಜಯಪುರದಿಂದ ನೆಂಟರು ಬಂದರೆ ಎಲ್ಲರೂ ಹಿಡಿಸುತ್ತಾರೆ, ಊರಿಗೆ ಹೋದರೆ ಜೋಳದ ಚೀಲ ಹಾಕಿಕೊಂಡು ಬರಬಹುದು ಎಂದರು. ಆ ಲೆಕ್ಕದಲ್ಲಿ ಬಿಟ್ಟುಹೋದದ್ದು ಬೇಸಿಗೆ. ನಮ್ಮ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಮೇ ತಿಂಗಳಲ್ಲಿ ಅದನ್ನು ಓಡಿಸುವುದೆಂದರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ಅವರೋ ಆಫೀಸಿನ ಬಸ್ಸಿನಲ್ಲಿ ತಣ್ಣಗೆ ಹೋಗಿ ತಣ್ಣಗೆ ಬರುತ್ತಿದ್ದರು. ಹಂಚಿನ ಮೇಲೆ ಕೂತು ಊರು ಸುತ್ತುತ್ತಿದ್ದವಳು ನಾನು. ನನ್ನ ಹಿಂದೆ, ಮಧ್ಯದ ಸೀಟಿನಲ್ಲಿ, ನಮ್ಮ ಅತ್ತೆ.

ಅತ್ತೆಯ ಎರಡೂ ಮೊಣಕಾಲು ಮಡಚುವುದಿಲ್ಲ. ಆಪರೇಷನ್ ಮಾತೆತ್ತಿದರೆ "ನನ್ನ ಕಾಲಾಗ ಕಬ್ಬಿಣ ಹಾಕಬ್ಯಾಡ್ರಿ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಆಟೋ ಹತ್ತಲಾರರು, ಬಸ್ಸಿನ ಮಾತೇ ಬೇಡ. ಆದರೆ ಈ ವ್ಯಾನು ಅವರಿಗೆ ಹೇಳಿ ಮಾಡಿಸಿದಂತಿತ್ತು. ಪಕ್ಕದ ಬಾಗಿಲನ್ನು ಉದ್ದಕ್ಕೆ ಜಾರಿಸಿ, ನಾವು ಕೂತು ಊಟ ಮಾಡುವ ಕಟ್ಟಿಗೆಯ ಮಣೆಯನ್ನು ಕೆಳಗಿಟ್ಟರೆ, ಅದರ ಮೇಲೆ ನಿಂತು, ಬೆನ್ನು ತಿರುಗಿಸಿ, ಸೀಟಿನ ಮೇಲೆ ಕೂತುಬಿಡುತ್ತಿದ್ದರು. ಸೀಟಿನ ಎತ್ತರ ಅವರ ಸೊಂಟಕ್ಕೆ ಸರಿಯಾಗಿತ್ತು, ಮುಂದೆ ಕಾಲು ಚಾಚಲು ಬೇಕಾದಷ್ಟು ಜಾಗವಿತ್ತು. ಸೀಟಿನ ಮೇಲೆ ತಾವೇ ಹೊಲಿದ ಕೌದಿ ಹಾಸಿದ್ದರು. ಮೂಲೆಯಲ್ಲಿ ನೀರಿನ ತಂಬಿಗೆ, ಚುರುಮುರಿಯ ಡಬ್ಬಿ. ಹಾಗೆ ಕೂತರೆಂದರೆ ಅದು ವ್ಯಾನಲ್ಲ, ಅವರ ಪಡಸಾಲೆ.

ಪಡಸಾಲೆ ಎಂದ ಮೇಲೆ ಬರುವವರು ಬರಲೇಬೇಕಲ್ಲ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಬಳಿ ನಾನೊಮ್ಮೆ ಬಾಳೆಹಣ್ಣು ಕೊಳ್ಳಲು ನಿಲ್ಲಿಸಿದ್ದೆ. ಸರ್ರೆಂದು ಬಾಗಿಲು ಸರಿಯಿತು. ಒಬ್ಬ ಬುರ್ಖಾದ ಹೆಂಗಸು, ಅವಳ ಹಿಂದೆ ಚೀಲ ಹಿಡಿದ ಗಂಡ, ಅವನ ಹಿಂದೆ ಯಾರೋ ಮುದುಕ, ಸಾಲಾಗಿ ಹತ್ತಿ ಕೂತರು. ಮುದುಕ ನನ್ನ ಭುಜ ತಟ್ಟಿ "ಲಂಗರ್ ಹೌಜ್, ಜಲ್ದಿ ಚಲೋ" ಎಂದ. ಇದು ಬಾಡಿಗೆ ಗಾಡಿಯಲ್ಲ, ಇಳಿಯಿರಿ ಎಂದು ಹೇಳಲು ನಾನು ಬಾಯಿ ತೆರೆಯುತ್ತಿದ್ದಂತೆ ಅತ್ತೆ ನನ್ನನ್ನು ತಡೆದರು.

"ಸುಮ್ನ ಗಾಡಿ ಬಿಡು. ಬಂದು ಕುಂತವರಿಗೆ ಏಳು ಅನಬಾರದು."

ಇದು ಅವರ ತವರಿನ ಪಂಕ್ತಿಯ ಕಾನೂನು. ಅಲ್ಲಿ ಯಾರ ಮನೆಯ ಕಾರ್ಯವಾದರೂ ಸರಿ, ಎಲೆಯ ಮುಂದೆ ಒಬ್ಬರು ಕೂತರೆಂದರೆ, ಕರೆದವರೋ ಕರೆಯದವರೋ ಕೇಳುವಂತಿಲ್ಲ, ಎಬ್ಬಿಸುವಂತಿಲ್ಲ. ಹಾಗೊಮ್ಮೆ ಎಬ್ಬಿಸಿದ್ದಕ್ಕೆ ಅವರ ಊರಿನ ಎರಡು ಮನೆತನಗಳು ಇಂದಿಗೂ ಮಾತಾಡುವುದಿಲ್ಲವಂತೆ. ಊಟದ ಎಲೆಗಿದ್ದ ಕಾನೂನನ್ನು ಅತ್ತೆ ವ್ಯಾನಿಗೂ ಹಚ್ಚಿದರು. ಎದುರು ಮಾತಾಡಲು ನನಗೆ ಬರುತ್ತದೆ. ಆದರೆ ಹಿಂದೆ ಮೂರು ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಗಾಡಿ ಬಿಟ್ಟೆ.

ಲಂಗರ್ ಹೌಜ್ ಬರುವಷ್ಟರಲ್ಲಿ ಅತ್ತೆ ಮೂವರಿಗೂ ಚುರುಮುರಿ ಕೊಟ್ಟು, ಆ ಹೆಂಗಸಿನ ಮಗಳ ಬಾಣಂತನದ ವಿಚಾರವೆಲ್ಲ ಕೇಳಿ ಮುಗಿಸಿದ್ದರು. ಅತ್ತೆಯ ಹಿಂದಿಯಲ್ಲಿ ಮುಕ್ಕಾಲು ಪಾಲು ಕನ್ನಡವೇ. ಆದರೂ ಆ ಹೆಂಗಸಿಗೆ ಪೂರಾ ತಿಳಿದು, ಮೊಣಕಾಲಿಗೆ ಅಜವಾನದ ಎಣ್ಣೆ ಕಾಯಿಸುವ ರೀತಿ ಹೇಳಿಕೊಟ್ಟಳು. ಇಳಿಯುವಾಗ ಮುದುಕ ನನ್ನ ಕೈಗೆ ದುಡ್ಡು ಕೊಡಲು ಬಂದದ್ದೇ ತಡ, ಅತ್ತೆಗೆ ಸಿಟ್ಟು ಬಂತು. "ನಮ್ಮ ಗಾಡ್ಯಾಗ ಕುಂತು ರೊಕ್ಕ ಕೊಡ್ತಾರೇನ್ರಿ?" ಎಂದು ಅವನನ್ನು ಬೈದರು. ಬೈಗುಳ ಕನ್ನಡದಲ್ಲಿದ್ದುದರಿಂದ ಅವನು ಆಶೀರ್ವಾದವೆಂದುಕೊಂಡು ಸಲಾಮು ಮಾಡಿ ಹೋದ.

ಆಮೇಲೆ ಅದೇ ರೂಢಿಯಾಯಿತು. ಮೆಹದಿಪಟ್ಟಣಂನಲ್ಲಿ ನಿಲ್ಲಿಸಿದರೆ ಯಾರಾದರೂ ಹತ್ತಿಯೇ ಹತ್ತುತ್ತಿದ್ದರು. ಬಾಗಿಲಿಗೆ ಚಿಲಕ ಹಾಕಿ ನೋಡಿದೆ. ಅತ್ತೆ ಒಳಗಿನಿಂದ ತೆಗೆದರು. ಇನ್ನು ಸುಲ್ತಾನ್ ಬಜಾರಿನ ಕಥೆಯೇ ಬೇರೆ. ಸ್ಕೂಟರೂ ನುಗ್ಗದ ಆ ಓಣಿಯಲ್ಲಿ ನಮ್ಮ ವ್ಯಾನಿಗೆ ಎಲ್ಲರೂ ತಾವಾಗಿ ದಾರಿ ಬಿಡುತ್ತಿದ್ದರು, ಅಂಗಡಿಗೆ ಮಾಲು ಬಂದಿದೆ ಎಂದು. ಅತ್ತೆ ಬಾಗಿಲು ತೆರೆದಿಟ್ಟು ಕೂತಲ್ಲೇ ಇರುತ್ತಿದ್ದರು. ಅಂಗಡಿಯವರು ಕುಪ್ಪಸದ ಖಣಗಳನ್ನು ತಂದು ಅವರ ತೊಡೆಯ ಮೇಲೆ ಹರಡುತ್ತಿದ್ದರು. ಒಮ್ಮೆ ದಾರಿಯಲ್ಲಿ ಹೋಗುವ ಹೆಂಗಸೊಬ್ಬಳು ಅದರಲ್ಲೊಂದನ್ನು ಎತ್ತಿ "ಎಂತಮ್ಮಾ?" ಎಂದು ರೇಟು ಕೇಳಿದಳು. ಅತ್ತೆ ಒಂದಿಷ್ಟೂ ಗಲಿಬಿಲಿಯಾಗದೆ ರೇಟು ಹೇಳಿ, ಚೌಕಾಸಿ ಮಾಡಿ, ಮಾರಿಯೇ ಬಿಟ್ಟರು. ಅಂಗಡಿಯವನು ಅಂದಿನಿಂದ ಅವರಿಗೆ ಚಹಾ ತರಿಸತೊಡಗಿದ.

ಇಷ್ಟೆಲ್ಲ ನಡೆದರೂ ನನ್ನ ಗಂಡನಿಗೆ ವ್ಯಾನಿನ ಮೇಲೆ ಮುನಿಸು ಬಂದಿರಲಿಲ್ಲ, ಏಕೆಂದರೆ ಮರ್ಯಾದೆ ಹೋಗುತ್ತಿದ್ದುದು ನನ್ನದು. ಅವರದು ಹೋದದ್ದು ಒಂದು ಸೋಮವಾರ. ಮುಂಬೈಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಬೇಗಂಪೇಟೆ ರೈಲು ನಿಲ್ದಾಣದಿಂದ ತಾನೇ ಕರೆತರುತ್ತೇನೆಂದು ಇವರು ಉಮೇದಿನಿಂದ ವ್ಯಾನು ತೆಗೆದುಕೊಂಡು ಹೋದರು. ಸಾಹೇಬರು ಮಧ್ಯದ ಸೀಟಿನಲ್ಲಿ, ಕೌದಿಯ ಮೇಲೆ ಕೂತರು. ಅವರ ಪಕ್ಕದಲ್ಲಿ, ಹಿಂದಿನ ದಿನ ನಾನು ತಂದು ಇಳಿಸಲು ಮರೆತ ಮೆಂತ್ಯೆ ಸೊಪ್ಪಿನ ದೊಡ್ಡ ಗಂಟು. ಆಫೀಸಿನ ಗೇಟಿನಲ್ಲಿ ಹೊಸದಾಗಿ ಬಂದ ಕಾವಲುಗಾರ ಒಳಗೆ ಇಣುಕಿ ನೋಡಿ, ಸೊಪ್ಪನ್ನು ನೋಡಿ, ಸಾಹೇಬರನ್ನೂ ನೋಡಿ, "ತರ್ಕಾರಿ ಪೀಛೇ ಕೆ ಗೇಟ್ ಸೆ" ಎಂದ. ತರಕಾರಿ ಹಿಂದಿನ ಗೇಟಿನಿಂದ ಒಳಗೆ ಹೋಗಬೇಕು. ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ದೊಡ್ಡ ಸಾಹೇಬರು ಕ್ಯಾಂಟೀನಿನ ಅಡುಗೆಮನೆಯ ಮೂಲಕ ತಮ್ಮ ಆಫೀಸಿಗೆ ಹೋದರು.

"ಇನ್ನ ಈ ಗಾಡಿ ಮನಿಯಾಗ ಇರೂದಿಲ್ಲ. ಮಾರಾಂವ ನಾ" ಎಂದರು ಅಂದು ಸಂಜೆ ಮನೆಗೆ ಬಂದು. ನಾನು ಬೇಡವೆನ್ನಲಿಲ್ಲ. ತಂಪು ಗಾಳಿಯ ಕಾರು ಯಾರಿಗೆ ಬೇಡ? ಸೊಪ್ಪು ಮರೆತವಳು ನಾನೆಂದು ನನ್ನನ್ನು ಬೈಯುವ ಮೊದಲೇ "ಮಾರ್ರಿ, ಮಾರ್ರಿ" ಎಂದೆ.

ಮುಂದಿನ ಭಾನುವಾರ ಮೂವರೂ ಕಾರು ನೋಡಲು ಹೋದೆವು. ಷೋರೂಮಿನಲ್ಲಿ ಟೈ ಕಟ್ಟಿದ ಹುಡುಗಿ ಅತ್ತೆಗೆಂದು ಹಿಂದಿನ ಬಾಗಿಲು ತೆರೆದಳು. ಅತ್ತೆ ರೂಢಿಯಂತೆ ಬೆನ್ನು ತಿರುಗಿಸಿ ಕೂತರು. ಸೀಟು ಅವರು ಎಣಿಸಿದ್ದಕ್ಕಿಂತ ಬಹಳ ಕೆಳಗಿತ್ತು, ಧೊಪ್ಪನೆ ಬಿದ್ದರು. ಕಾಲುಗಳು ಮಾತ್ರ ಹೊರಗೇ ಉಳಿದವು. ಮುಂದಿನ ಸೀಟನ್ನು ಪೂರ್ತಿ ಮುಂದೆ ಸರಿಸಿದರೂ ಒಳಗೆ ಹೋಗಲಿಲ್ಲ. ಅತ್ತೆಯ ಹಣೆಯಲ್ಲಿ ಬೆವರು. ಕೊನೆಗೆ ಅವರನ್ನು ಹೊರಗೆ ತರಲು ನನ್ನ ಗಂಡ ಒಂದು ಕೈ, ನಾನೊಂದು ಕೈ ಹಿಡಿದೆವು, ಹಿಂದಿನಿಂದ ಮತ್ತೊಬ್ಬ ಮಾರಾಟಗಾರ ನೂಕಿದ. ಸುತ್ತಲಿನ ಜನರೆಲ್ಲ ನೋಡುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, ಕಾರಿನ ಬಾನೆಟ್ಟನ್ನು ಕೈಯಿಂದ ಸವರಿ, "ಚಲೋ ಐತಿ. ತಗೋ ತಮ್ಮಾ" ಎಂದರು ಮಗನಿಗೆ.

"ನಿನಗ ಕೂಡಾಕ ಆಗಂಗಿಲ್ಲಲ್ಲವ್ವಾ?" ಎಂದರು ಇವರು.

"ನನಗ ಇನ್ನ ಎಲ್ಲಿ ತಿರಗೂದೈತಿ? ಎಲ್ಲಾ ನೋಡೇನಿ."

ಇವರು ಆ ಮಾತನ್ನು ನಂಬಿಬಿಟ್ಟರು. ಗಂಡಸರಿಗೆ ಅನುಕೂಲವಾದ ಮಾತು ಬೇಗ ನಂಬಿಕೆಯಾಗುತ್ತದೆ. ಆದರೆ ಮರುದಿನ ನಾನು ಕೆಳಗೆ ಹೋಗಿ ನೋಡಿದರೆ ವ್ಯಾನಿನ ಸೀಟು ಬರಿದಾಗಿತ್ತು. ಕೌದಿ ಒಗೆದು ಬಾಲ್ಕನಿಯಲ್ಲಿ ಒಣಹಾಕಿದ್ದರು. ತಂಬಿಗೆಯೂ ಚುರುಮುರಿಯ ಡಬ್ಬಿಯೂ ಅಡುಗೆಮನೆಗೆ ಬಂದಿದ್ದವು, ಮಣೆ ಮತ್ತೆ ಊಟಕ್ಕೆ ಹೋಗಿತ್ತು. ವಾಚ್‌ಮನ್‌ನನ್ನು ಕರೆದು ಎಲ್ಲ ತರಿಸಿಕೊಂಡಿದ್ದರಂತೆ. ಆ ವಾರವಿಡೀ ನಾನು ಸುಲ್ತಾನ್ ಬಜಾರಿಗೆ ಹೋಗೋಣವೇ ಎಂದು ಕೇಳಿದಾಗಲೆಲ್ಲ ಟೀವಿ ನೋಡುತ್ತಲೇ ಬೇಡವೆಂದರು. ಅವರ ಜೊತೆ ಅಷ್ಟು ವರ್ಷ ಜಗಳವಾಡಿದ್ದೇನೆ. ಅವರು ಜಗಳವಾಡದೆ ಕೂತದ್ದು ನನಗೆ ಸಹಿಸಲಾಗಲಿಲ್ಲ. ಕಾರು ಬಂತೆಂದರೆ ಈ ಮುದುಕಿ ಈ ನಾಲ್ಕು ಗೋಡೆಗಳ ನಡುವೆಯೇ ಇರಬೇಕು, ಅದನ್ನು ಅವರು ಆಗಲೇ ಅಭ್ಯಾಸ ಮಾಡುತ್ತಿದ್ದರು.

ಭಾನುವಾರ ಬೆಳಿಗ್ಗೆ ವ್ಯಾನು ಕೊಳ್ಳುವವನು ಬಂದ. ಮೆಹದಿಪಟ್ಟಣಂನಲ್ಲಿ ಮದುವೆ ಅಡುಗೆಯ ಪಾತ್ರೆ ಬಾಡಿಗೆ ಕೊಡುವವನು, ದಪ್ಪಗಿನ ನಗೆಮುಖದ ಮನುಷ್ಯ. ಎಂಜಿನ್ ನೋಡಿದ, ಟೈರು ಒದ್ದು ನೋಡಿದ. ಇವರು ಅವನಿಗೆ ಮೈಲೇಜು ವರ್ಣಿಸುತ್ತಿದ್ದಾಗ ನಾನು ಮೇಲೆ ಹೋಗಿ ಮಣೆಯನ್ನೂ ಕೌದಿಯನ್ನೂ ಕಂಕುಳಲ್ಲಿ ಹಿಡಿದು "ಬರ್ರಿ ಅತ್ತ್ಯಾರ, ಗಾಡಿ ಹೊಂಟೈತಿ, ಕಡೀ ಸಲ ಒಂದೀಟು ಕೂತು ಬರ್ರಿ" ಎಂದೆ.

"ಅದನ್ಯಾಕ ಈಗ" ಎಂದರು. ಆದರೆ ಕಾಲಿಗೆ ಚಪ್ಪಲಿ ಹಾಕಿಕೊಂಡರು.

ನಾನು ಕೌದಿ ಹಾಸಿ ಮಣೆ ಇಟ್ಟೆ. ಅತ್ತೆ ಮಣೆ ಹತ್ತಿ, ಬೆನ್ನು ತಿರುಗಿಸಿ, ಕೂತರು, ಕಾಲು ಚಾಚಿದರು. ಕೈ ತಾನಾಗಿ ತಂಬಿಗೆ ಇಡುವ ಮೂಲೆಗೆ ಹೋಯಿತು. ಅಲ್ಲಿ ತಂಬಿಗೆ ಇರಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನನ್ನ ಗಂಡ ನೋಡಲಿಲ್ಲ. ಅವರ ಕೈಯಲ್ಲಿ ವ್ಯಾನಿನ ಕಾಗದಗಳಿದ್ದವು.

"ಅವ್ವಾ, ಇಳೀ ಇನ್ನ. ಅವರು ಒಂದು ಸುತ್ತು ಹೊಡದು ನೋಡತಾರಂತ" ಎಂದರು.

ಅತ್ತೆ ಇಳಿಯಲು ಹಿಡಿಕೆ ಹಿಡಿದರು. ನಾನು ಮಣೆಯನ್ನು ಎತ್ತಿ ನನ್ನ ಬೆನ್ನ ಹಿಂದೆ ಇಟ್ಟುಕೊಂಡೆ.

"ಬಂದು ಕುಂತವರಿಗೆ ಏಳು ಅನಬಾರದರಿ" ಎಂದೆ ನನ್ನ ಗಂಡನಿಗೆ.

ಅವರು ನನ್ನ ಮುಖ ನೋಡಿದರು. ಆಮೇಲೆ ತಾಯಿಯ ಮುಖ ನೋಡಿದರು, ಸರಿಯಾಗಿ. ಪಾತ್ರೆಯವನಿಗೆ ನಮ್ಮ ಮಾತು ತಿಳಿಯಲಿಲ್ಲ, ಮುಖಗಳು ತಿಳಿದವು. ಅವನು ಬಾನೆಟ್ಟಿನ ಮೇಲಿಂದ ಕೈ ತೆಗೆದು "ಅಮ್ಮಾ ಬೈಠೇ ಸೋ ಗಾಡಿ ಹಮ್ಕು ನಕ್ಕೋ ಭಾಯಿ" ಎಂದು ನಕ್ಕ. ಅಮ್ಮ ಕೂತಿರುವ ಗಾಡಿ ತನಗೆ ಬೇಡವಂತೆ. ಇವರು ಕಾಗದಗಳನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಹೋಗಿ ಸ್ಟೀರಿಂಗ್ ಮುಂದೆ, ಆ ಬಿಸಿ ಸೀಟಿನ ಮೇಲೆ ಕೂತರು. ಅತ್ತೆ ಮೂಗು ಒರೆಸಿಕೊಂಡು, ಕೌದಿಯ ಒಂದು ಅಂಚನ್ನು ಎಳೆದು, ಪಕ್ಕಕ್ಕೆ ಸರಿದರು.

"ಆಟೋದಾಗ ಯಾಕ ಹೋಗ್ತಾನ ಪಾಪ. ಬಾರಪ್ಪಾ, ಬೈಠೋ. ಮೆಹದಿಪಟ್ಟಣಂ ತನಕ ಬಿಡ್ತೇವಿ."

ಹೀಗೆ ವ್ಯಾನು ಕೊಳ್ಳಲು ಬಂದವನನ್ನು ಅದೇ ವ್ಯಾನಿನಲ್ಲಿ ಅವನ ಅಂಗಡಿಗೆ ಬಿಟ್ಟು ಬರಲು ಮೂವರೂ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಅವನಿಗೆ ದೊಡ್ಡ ಪಾತ್ರೆಯಲ್ಲಿ ಗೋಧಿ ಹುಗ್ಗಿ ತಳ ಹಿಡಿಯದಂತೆ ಮಾಡುವುದು ಹೇಗೆಂದು ಹೇಳುತ್ತಿದ್ದರು. ಇವರು ಬೆವರು ಒರೆಸಿಕೊಳ್ಳುತ್ತ ಓಡಿಸುತ್ತಿದ್ದರು. ಮೆಹದಿಪಟ್ಟಣಂನಲ್ಲಿ ಬಾಗಿಲು ಸರಿಸಿ ಅವನು ಇಳಿದ. ಅದನ್ನು ಮುಚ್ಚುವ ಮೊದಲೇ, ಎರಡು ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬಳು ಹತ್ತಿ, ಅತ್ತೆಯ ಪಕ್ಕದಲ್ಲಿ ಉಸ್ಸೆಂದು ಕೂತಳು.

ಅತ್ತೆ ಕೌದಿಯನ್ನು ಸರಿಸಿ ಅವಳ ಚೀಲಗಳಿಗೆ ಜಾಗ ಮಾಡಿದರು. ನನ್ನ ಗಂಡ ಕನ್ನಡಿಯಲ್ಲಿ ಅವರಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಗೇರು ಹಾಕಿ, ಬಾಡಿಗೆ ಗಾಡಿಯವರ ಹಾಗೆ ಕೇಳಿದರು:

"ಕಹಾಂ ಜಾನಾ ಅಮ್ಮಾ?"