ಅವ್ವನ ಅಲ್ಬುಮಿನ್

ಅಪ್ಪನ ಗಂಟಲಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದವಳು ಅವ್ವ. ಅವನ ತುತ್ತು ಗೋಲಿಯಷ್ಟು ಚಿಕ್ಕದಾಗಿತ್ತು, ಪ್ರತಿ ತುತ್ತಿಗೂ ನೀರು ಬೇಕಾಗುತ್ತಿತ್ತು. ಹೊಳೆನರಸೀಪುರದ ಕಡೆ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ ಸೀದಾ ನುಂಗುತ್ತೇವೆ. ಅಗಿದು ತಿನ್ನಿ ಎಂದು ಅವ್ವ ಹೇಳಿದ್ದಕ್ಕೆ ಅಪ್ಪ ರೇಗಿದ್ದ. "ಮುದ್ದೆ ಅಗಿಯಕ್ಕೆ ನಾನೇನ್ ಪ್ಯಾಟೆಯೋನಾ?"

ಹಾಸನದಲ್ಲಿ ಪರೀಕ್ಷೆ ಮಾಡಿಸುವ ಹೊತ್ತಿಗೆ ಅನ್ನನಾಳದ ಕ್ಯಾನ್ಸರ್ ಲಿವರ್‌ಗೂ ಹಬ್ಬಿತ್ತು. ಹೊಟ್ಟೆಗೆ ಒಂದು ಪೈಪ್ ಹಾಕಿ ಕಳಿಸಿದರು. ಅಲ್ಲಿಂದಾಚೆ ಊಟವೆಲ್ಲ ಅದರಲ್ಲೇ.

ನಾನು ಹಾಸನದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ಅಪ್ಪನ ರಕ್ತ ತೆಗೆದು, ಲ್ಯಾಬಿಗೆ ಒಯ್ದು, ಸಂಜೆ ಫೋನಿನಲ್ಲಿ ರಿಪೋರ್ಟ್ ಹೇಳುತ್ತಿದ್ದೆ. ಡಾಕ್ಟರು ಮೊದಲ ಸಲವೇ, "ರಕ್ತದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಕಡಿಮೆ ಇದೆ, ಮೊಟ್ಟೆಯ ಬಿಳಿ ಕೊಡಿ" ಅಂದುಬಿಟ್ಟಿದ್ದರು. ಅಷ್ಟೇ ಸಾಕಾಯಿತು ಅವ್ವನಿಗೆ. ಅಲ್ಬುಮಿನ್ ಅಂದರೆ ತನ್ನ ಅಡುಗೆಗೆ ಬೀಳುವ ಮಾರ್ಕ್ಸು ಎಂದೇ ತಿಳಿದಳು.

"ಎಷ್ಟ್ ಬಂತವ್ವಾ?" ಎಂದು ಅವ್ವ ನನ್ನನ್ನು ಕೇಳುತ್ತಿದ್ದಳು. ಪ್ರತಿ ಸಲವೂ ಇಳಿದಿರುತ್ತಿತ್ತು. ಮೊಟ್ಟೆ ಹೆಚ್ಚಿಸಿದಳು, ಹೆಸರುಕಾಳು ಬೇಯಿಸಿ ರುಬ್ಬಿದಳು, ಗಂಜಿಯನ್ನು ಬಟ್ಟೆಯಲ್ಲಿ ಸೋಸಿದಳು. ಮತ್ತೂ ಇಳಿಯಿತು. "ನನ್ ಕೈಯಾಗೇ ಏನೋ ಐಬು ಅದೆ ಕಣವ್ವ" ಅಂದಳು ಒಂದು ದಿನ.

ನನಗೆ ಗೊತ್ತಿತ್ತು. ಅದೇ ಕಾಗದದಲ್ಲಿ ಸಿಆರ್‌ಪಿ ಎಂಬ ಇನ್ನೊಂದು ಸಾಲು ಏರುತ್ತಲೇ ಇತ್ತು. ಅದು ಏರಿ ಇದು ಇಳಿಯುತ್ತಿದ್ದರೆ ಒಳಗೆ ಕಾಯಿಲೆಯ ಉರಿ ಹೆಚ್ಚಿದೆ, ದಿನಗಳು ಕಡಿಮೆಯಿವೆ ಎಂದರ್ಥ. ಎಷ್ಟು ಮೊಟ್ಟೆ ಸುರಿದರೂ ಆ ಅಲ್ಬುಮಿನ್ ಏರುವಂಥದ್ದಲ್ಲ. ನಿನ್ನ ತಪ್ಪಿಲ್ಲ ಎಂದು ಅವ್ವನಿಗೆ ಹೇಳಬೇಕಾದರೆ ಅಪ್ಪ ಉಳಿಯುವುದಿಲ್ಲ ಎಂದೂ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬದಲಿಗೆ, "ಸರಿಯಾಗಿ ಸೋಸವ್ವ, ಪೈಪ್ ಕಟ್ಕತದೆ!" ಎಂದು ಬೈದೆ. ಥೂ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಸಲ ಹೋದಾಗ ಅವ್ವನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕೇಳಿದೆ. "ನಂಬರ್ ಮ್ಯಾಕೆ ಬರೋಗಂಟ ಒಪ್ಪತ್ತು ಅಂತ ಅರಕೆ ಒತ್ಕಂಡಿವ್ನಿ" ಅಂದಳು. ಎಂದೂ ಏರದ ನಂಬರಿಗಾಗಿ ನಮ್ಮವ್ವ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದಳು!

ಅಡುಗೆಮನೆಯಲ್ಲೇ ಅವಳ ಪಕ್ಕ ಕೂತು ಹೇಳಿದೆ. "ಅವ್ವ, ನಿನ್ ಕೈಯಲ್ಲಿ ಐಬಿಲ್ಲ. ನೀನಲ್ಲ, ಯಾರ್ ಉಣ್ಸಿದ್ರೂ ಅದು ಏರಕಿಲ್ಲ. ಅಪ್ಪ ಇನ್ನ ಬಾಳ ದಿನ ಇರಕಿಲ್ಲ ಕಣವ್ವ."

ಅವ್ವ ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದಳು. "ಅಂಗಾರೆ ನಾನು ಅವ್ರನ್ನ ಉಪಾಸ ಕೆಡವಿರ್ಲಿಲ್ವಾ?"

"ಇಲ್ಲವ್ವ."

ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಆಮೇಲೆ ಎದ್ದು ಮುದ್ದೆಗೆ ಎಸರಿಟ್ಟಳು. "ಇಷ್ಟ್ ದಿನ ನಂಬರ್‌ಗೆ ಅಡ್ಗೆ ಮಾಡ್ದೆ. ಇವತ್ತು ಅವ್ರ ಬಾಯ್ಗೆ ಮಾಡ್ತೀನಿ."

ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು, ಪಕ್ಕದಲ್ಲೊಂದು ಖಾಲಿ ಬಟ್ಟಲು. ಅಪ್ಪನ ಮುಂದಿಟ್ಟು ಹೇಳಿದಳು. "ನುಂಗ್ಬ್ಯಾಡಿ. ಅಗ್ದು ರುಚಿ ನೋಡಿ ಇದ್ಕೆ ಉಗುದ್ಬುಡಿ."

ತಿಂಗಳುಗಳಿಂದ ಅಪ್ಪನ ನಾಲಿಗೆಗೆ ಏನೂ ತಾಕಿರಲಿಲ್ಲ. ಸಣ್ಣ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದ, ಅಗಿಯುತ್ತಲೇ ಇದ್ದ. ಕೊನೆಗೆ ಬಟ್ಟಲಿಗೆ ಉಗಿದು ಅವ್ವನನ್ನು ನೋಡಿದ.

"ಲೇ, ರಾಗಿ ಇಷ್ಟು ಸೀ ಇರ್ತದಾ? ಇಷ್ಟ್ ವರ್ಸ ಬರೀ ನುಂಗ್ಬುಟ್ನಲ್ಲೇ!"

"ಈಗ್ಲಾದ್ರೂ ತಿಳೀತಲ್ಲ. ಇನ್ನೊಂದ್ ತುತ್ತು ಅಗೀರಿ" ಅಂದಳು ಅವ್ವ. ಆಮೇಲೆ ಅದೇ ತಟ್ಟೆಯಿಂದ ತನಗೂ ಒಂದು ತುತ್ತು ಮುರಿದುಕೊಂಡು, ಹುಟ್ಟಿದ ಮೇಲೆ ಮೊದಲ ಸಲ, ಮುದ್ದೆಯನ್ನು ಅಗಿದಳು.